ಬೆಳಿಗ್ಗೆ ಸ್ಟುಡಿಯೋ, ಸಂಜೆ ಕಛೇರಿ: ಮೃದಂಗದ ಶ್ರುತಿ ನಿಲ್ಲಿಸುವುದು ಹೇಗೆ?

ಮೈಸೂರಿನಲ್ಲಿ ಮೃದಂಗ ನುಡಿಸುತ್ತೇನೆ. ಭಾನುವಾರ ಬೆಳಿಗ್ಗೆ 9ರಿಂದ 2ರವರೆಗೆ ಧ್ವನಿಮುದ್ರಣವಿತ್ತು. ಎಸಿ ಕೋಣೆಯಲ್ಲಿ ಎಡಗಡೆಯ ಚರ್ಮಕ್ಕೆ ಕಲಸಿ ಮೆತ್ತಿದ್ದ ರವೆ ಒಣಗಿ ಬಿರುಕು ಬಿಟ್ಟಿತು. ಮೂರು ಸಲ ಕಲಸಿ ಹಚ್ಚಿದೆ. ಸಂಜೆ ನಮ್ಮ ಬೀದಿಯ ಹುಡುಗನೊಬ್ಬನ ಶಸ್ತ್ರಚಿಕಿತ್ಸೆಗಾಗಿ ಸಹಾಯಾರ್ಥ ಕಛೇರಿ. ಶಾಮಿಯಾನ, ಹೊರಗೆ ಜಿಟಿಜಿಟಿ ಮಳೆ. ಆರಂಭದ ರಚನೆಯಾದ ವರ್ಣ ಮುಗಿಯುವಷ್ಟರಲ್ಲಿ ಬಲಗಡೆಯ ಶ್ರುತಿ ತಗ್ಗಿತು. ಗಾಯಕಿ ಆಲಾಪನೆಗೆ ಇಳಿದಾಗಲೆಲ್ಲ ನಾನು ಶ್ರುತಿ ಏರಿಸಲು ಕಲ್ಲು ಹಿಡಿದು ಮೃದಂಗದ ಅಂಚಿಗೆ ಟಕಟಕ. ಮುಂದಿನ ಸಾಲಿನ ಅಜ್ಜಿ ನನ್ನನ್ನು ಬಡಗಿಯೆಂದೇ ತಿಳಿದಿರಬೇಕು. ಇಂಥ ದಿನ ನೀವೇನು ಮಾಡುತ್ತೀರಿ?

ಉತ್ತರ 1
ಒಂದೇ ಮೃದಂಗವನ್ನು ಎರಡೂ ಕಡೆ ಒಯ್ದಿರಾ? ಅಲ್ಲೇ ಎಡವಿದ್ದೀರಿ. ತೇವಕ್ಕೆ ಚರ್ಮ ಸಡಿಲವಾಗದೆ ಇರುತ್ತದೆಯೇ? ಒಂದು ಗಂಟೆ ಮೊದಲೇ ವೇದಿಕೆಯ ಮೇಲಿಟ್ಟು, ಅಲ್ಲಿನ ಗಾಳಿಗೆ ಹೊಂದಿಕೊಂಡ ಮೇಲೆ ಶ್ರುತಿ ಮಾಡಿ. ತಟ್ಟುವಾಗ ಎದುರುಬದುರು ತಟ್ಟಿ, ಒಂದೇ ಕಡೆ ಎಳೆಯಬೇಡಿ.

ಉತ್ತರ 2
ನಾನು ಚಿರೋಟಿ ರವೆ ಬಳಸುತ್ತೇನೆ. ಎರಡು ಟೇಕ್‌ಗಳ ನಡುವೆ ಒದ್ದೆ ಬೆರಳು ಸವರಿದರೆ ಸಾಕು, ಮತ್ತೆ ಕಲಸುವ ಗೋಳಿಲ್ಲ. ಅಂದ ಹಾಗೆ, ಹಣ ಎಷ್ಟು ಕೂಡಿತು?

ಪ್ರಶ್ನೆ ಕೇಳಿದವರು
ಇನ್ನೊಂದು ಮೃದಂಗ ಇದೆ ಸ್ವಾಮಿ, ಅದರ ಮುಚ್ಚಿಗೆ (ಬಾಯಿಯ ಚರ್ಮದ ಹೊದಿಕೆ) ಕಟ್ಟಿಸಲು ಕೊಟ್ಟು ಮೂರು ವಾರವಾಯಿತು! ಡಬ್ಬಿಯಲ್ಲಿ 41,300 ರೂಪಾಯಿ. ಅದರಲ್ಲಿ ನೂರರ ಐದು ನೋಟು ಆ ಅಜ್ಜಿಯದೇ.