ಬಫಿಂಗ್ ಆದ ಹಿತ್ತಾಳೆಗೆ ಹಳೇ ಬಣ್ಣ ವಾಪಸ್ ಬರ್ಸೋದು ಹೇಗೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ತಾತನ ಕಾಲದ ಹಿತ್ತಾಳೆ ಕುದುರೆ ಒಂದಿದೆ, ಕಾಲು ಅಲ್ಲಾಡ್ತಿತ್ತು ಅಂತ ಬೆಸುಗೆಗೆ ಕೊಟ್ರೆ ಅವ್ರು ಕೇಳದೇನೇ ಬಫಿಂಗ್ ಮಿಷನ್ನಿಗೆ ಹಿಡಿದು ಫಳಫಳ ಮಾಡಿ ಕೊಟ್ಟಿದಾರೆ. ಮೊದ್ಲು ಕುತ್ತಿಗೆ ಕೂದಲಿನ ಗೆರೆಗಳಲ್ಲಿ ಕಪ್ಪು ಕೂತು ಒಂದೊಂದು ಎಳೆನೂ ಎದ್ದು ಕಾಣ್ತಿತ್ತು, ಈಗ ಮೈಯೆಲ್ಲಾ ಒಂದೇ ಹಳದಿ, ನೋಡೋಕೇ ಸಂಕಟ ಆಗುತ್ತೆ. ಆ ಕಂದು ಬಣ್ಣ ಮತ್ತೆ ಬರ್ಸೋಕಾಗುತ್ತಾ? ಉಪ್ಪು, ವಿನೆಗರ್ ಹಚ್ಚಿ ಅಂತಾರೆ, ಸರೀನಾ?

ಉತ್ತರ 1:
ಉಪ್ಪು ಮಾತ್ರ ಬೇಡ ಸರ್. ಅದ್ರಿಂದ ಬರೋದು ಹಸಿರು ಕಿಲುಬು, ನಿಮಗೆ ಬೇಕಿರೋ ಕಂದು ಅಲ್ಲ, ಅಲ್ದೆ ಉಪ್ಪಿನ ಕ್ಲೋರೈಡ್ ಸಂದಿಲಿ ಉಳ್ಕೊಂಡ್ರೆ ತೇವ ಸಿಕ್ಕಾಗೆಲ್ಲ ಲೋಹನ ತಿಂತಾನೇ ಇರುತ್ತೆ.

ಮೊದ್ಲು ಲ್ಯಾಕರ್ (ಹೊಳಪು ಹೋಗದಿರ್ಲಿ ಅಂತ ಬಳಿಯೋ ಪಾರದರ್ಶಕ ಲೇಪ) ಹೊಡೆದಿದಾರಾ ನೋಡಿ, ಇದ್ರೆ ಏನ್ ಮಾಡಿದ್ರೂ ಬಣ್ಣ ಹಿಡಿಯಲ್ಲ. ಹತ್ತಿಗೆ ಅಸಿಟೋನ್ (ನೈಲ್ ಪಾಲಿಶ್ ತೆಗೆಯೋ ದ್ರವ) ಹಾಕಿ ಹೊಟ್ಟೆ ಕೆಳಗೆ ಉಜ್ಜಿ, ಅಂಟಂಟು ಬಂದ್ರೆ ಲ್ಯಾಕರ್ ಇದೆ ಅಂತಾನೇ, ಪೂರ್ತಿ ತೆಗೀರಿ. ಆಮೇಲೆ ಸೋಪಲ್ಲಿ ತೊಳೆದು ಒಣಗ್ಸಿ, ಅಲ್ಲಿಂದ ಗ್ಲೌಸ್ ಇಲ್ದೆ ಮುಟ್ಬೇಡಿ, ಬೆರಳಿನ ಜಿಡ್ಡು ಇದ್ದಲ್ಲಿ ಕಲೆ ಬೀಳುತ್ತೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಲಿ ಚಿಕ್ಕ ಬಟ್ಟಲು ಅಮೋನಿಯಾ ಇಟ್ಟು ಕುದುರೆನ ಪಕ್ಕದಲ್ಲಿ ಮರದ ತುಂಡಿನ ಮೇಲೆ ನಿಲ್ಸಿ, ದ್ರವ ತಾಗಬಾರ್ದು, ಹಬೆ ಸಾಕು. ಆಗಾಗ ನೋಡ್ತಿರಿ, ಬೇಕಾದ ಬಣ್ಣಕ್ಕಿಂತ ಸ್ವಲ್ಪ ಗಾಢ ಆದಾಗ ತೆಗೆದು, ತೊಳೆದು ಒಣಗ್ಸಿ ಉಬ್ಬಿರೋ ಜಾಗ ಮಾತ್ರ ತೆಳು ಸ್ಟೀಲ್ ವೂಲಲ್ಲಿ ಹಗುರವಾಗಿ ಉಜ್ಜಿ. ಗೆರೆ ಒಳಗೆ ಕಪ್ಪು ಉಳಿದು ಮೇಲೆ ತಿಳಿ ಆದ್ರೇನೇ ಹಳೇದು ಅನ್ಸೋದು. ಕೊನೆಗೆ ಮೇಣ ತೆಳುವಾಗಿ ಹಚ್ಚಿ. ಇದೆಲ್ಲ ಬಯಲಲ್ಲೇ ಮಾಡಿ, ಬ್ಲೀಚ್ ಹತ್ರಾನೂ ಇರಬಾರ್ದು, ಅಮೋನಿಯಾ ಜೊತೆ ಅದು ಸೇರಿದ್ರೆ ವಿಷದ ಗಾಳಿ.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಬೊಂಬೆ ಎರಕದ್ದೋ ತಗಡು ಬಡಿದು ಮಾಡಿದ್ದೋ ನೋಡ್ಕೊಳ್ಳಿ. ಬಡಿದ, ಬಗ್ಗಿಸಿದ ಹಿತ್ತಾಳೆ ಒಳಗೆ ಬಿಗಿತ ಉಳಿದಿರುತ್ತೆ, ಅಮೋನಿಯಾ ತಾಗಿದ್ರೆ ಬಿರುಕು ಬಿಡುತ್ತೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿಟ್ಟ ಬಂದೂಕಿನ ತೋಟಾಗಳ ಹಿತ್ತಾಳೆ ಚಿಪ್ಪು ಹಾಗೇ ಸೀಳಿದ್ವು, ಅದಕ್ಕೆ ಕಾರಣ ಕುದುರೆ ಮೂತ್ರದಿಂದ ಬರೋ ಅಮೋನಿಯಾ ಅಂತ 1921ರಲ್ಲಿ ಗೊತ್ತಾಯ್ತು. ಬೆಸುಗೆ ಜಾಗ ಹೇಗಿದ್ರೂ ಬೇರೆ ಬಣ್ಣಕ್ಕೇ ತಿರುಗುತ್ತೆ. ಮುಂದೆ ಕಂಚು ಅಥವಾ ತಾಮ್ರದ್ದು ಇದ್ರೆ ಲಿವರ್ ಆಫ್ ಸಲ್ಫರ್ (ಲೋಹಕ್ಕೆ ಕಪ್ಪು ಬಣ್ಣ ಬರ್ಸೋ ಗಂಧಕದ ರಾಸಾಯನಿಕ) ಚೆನ್ನಾಗಿ ಹಿಡಿಯುತ್ತೆ, ಹಿತ್ತಾಳೆಗೆ ಅಷ್ಟು ಸುಲಭಕ್ಕೆ ಹಿಡಿಯಲ್ಲ.

ಉತ್ತರ 3:
ನನ್ ಕೇಳಿದ್ರೆ ಲ್ಯಾಕರ್ ತೆಗೆದು ಹಾಗೇ ಬಿಟ್ಬಿಡಿ. ಬರೀ ಹಿತ್ತಾಳೆ ಗಾಳಿಗೇ ಮಂಕಾಗ್ತಾ ಬರುತ್ತೆ, ಕೈ ತಾಗೋ ಕಡೆ ಒಂದು ಬಣ್ಣ, ತಾಗದ ಕಡೆ ಇನ್ನೊಂದು, ಅದು ಡಬ್ಬಿಲಿ ಬರಲ್ಲ. ತಡ ಆಗುತ್ತೆ ನಿಜ. ಆದ್ರೆ ತಾತನ ವಸ್ತು ಅಲ್ವಾ, ಕಾಯೋಕೇನು.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಹತ್ತಿ ಅಂಟಂಟಾಯ್ತು, ಲ್ಯಾಕರ್ ಇದೆ. ಬೊಂಬೆ ಎರಕದ್ದೇ, ಆದ್ರೂ ಬೆಸುಗೆ ಹಾಕಿದ ಕಾಲಿನ ಮೇಲೆ ಅಮೋನಿಯಾ ಬಿಡೋಕೆ ಮನಸ್ಸಿಲ್ಲ. ಲ್ಯಾಕರ್ ತೆಗೆದು ಸದ್ಯಕ್ಕೆ ಹಾಗೇ ಇಡ್ತೀನಿ.