ಸಂಶೋಧನೆ ಬಿಟ್ಟು ಗ್ರಾಂಟ್ ಕೆಲಸಕ್ಕೆ ಹೋಗಲಾ? ಮಾಡಿದವರು ಅನುಭವ ಹೇಳಿ

ಕೇಳಿದವಳು: ಸರ್ಕಾರದ ನೀತಿಗಳ ಮೇಲೆ ಕೆಲಸ ಮಾಡುವ ಲಾಭರಹಿತ ಸಂಸ್ಥೆಯಲ್ಲಿ ನಾಲ್ಕು ವರ್ಷದಿಂದ ಸಂಶೋಧಕಿ. ಈಗ ನಿಧಿ ಸಂಗ್ರಹ, ಗ್ರಾಂಟ್ ರಿಪೋರ್ಟಿಂಗ್ ನೋಡಿಕೊಳ್ಳಿ ಎನ್ನುತ್ತಿದ್ದಾರೆ. ಸಂಬಳ ಸ್ವಲ್ಪ ಜಾಸ್ತಿ. ಬರೆಯುವುದು ಇಷ್ಟ, ಲೆಕ್ಕ ಅಂದರೆ ಭಯ. ಒಪ್ಪಿಕೊಳ್ಳಲಾ?

ಆರು ವರ್ಷ ಮಾಡಿ ಬಿಟ್ಟವಳು: ಒಂದೇ ಗ್ರಾಂಟ್ ಕತೆ ಹೇಳುತ್ತೇನೆ, ಸಾಕು. ಎರಡು ವರ್ಷದ್ದು. ಬಜೆಟ್ ದುಡ್ಡು ಕೊಡುವ ವಿದೇಶಿ ಫಂಡರ್‌ನ ಕರೆನ್ಸಿಯಲ್ಲಿ, ಸಂಬಳ ನಮ್ಮದರಲ್ಲಿ. ಸಹಿ ಹಾಕಿದ ದಿನದಿಂದ ಕೊನೆಯ ಕಂತು ಬರುವಷ್ಟರಲ್ಲಿ ಅವರ ಕರೆನ್ಸಿ 8% ಬಿದ್ದಿತ್ತು. ಒಬ್ಬ ಸಂಶೋಧಕನ ನಾಲ್ಕು ತಿಂಗಳ ಸಂಬಳ ಹೋಯಿತು. ಬಜೆಟ್‌ನ ಪ್ರಯಾಣದ ಹೆಡ್‌ನಲ್ಲಿ (ಖರ್ಚಿನ ಬಾಬ್ತು) ಉಳಿದಿದ್ದನ್ನು ಸಂಬಳಕ್ಕೆ ತಿರುಗಿಸಿದೆ. 10% ದಾಟಿದರೆ ಮೊದಲೇ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತಿತ್ತು. ನಾನು ಒಟ್ಟು ಬಜೆಟ್ ಮೇಲೆ ಲೆಕ್ಕ ಹಾಕಿ 4% ಅಂದುಕೊಂಡಿದ್ದೆ. ಅವರು ಆ ಒಂದು ಹೆಡ್ ಮೇಲೆ ಹಾಕಿ 13% ಎಂದರು. ತಿರುಗಿಸಿದ್ದಷ್ಟೂ ವಾಪಸ್, ನಮ್ಮ ರಿಸರ್ವ್‌ನಿಂದ. ಆಮೇಲೆ ಮೂರು ತಿಂಗಳು ಯಾವ ಮೀಟಿಂಗ್‌ಗೆ ಹೋದರೂ ಆ 13 ಬರುತ್ತಿತ್ತು.

ಇನ್ನೂ ಇಲ್ಲೇ ಇರುವವನು: ತಪ್ಪು ತಿಳಿಯಬೇಡಿ ಮೇಡಂ, ಒಪ್ಪಂದ ಓದದಿದ್ದರೆ ಫಂಡರ್ ಏನು ಮಾಡಬೇಕು? ಒಂಬತ್ತು ವರ್ಷದಲ್ಲಿ ನಾನು ಬಿಡಿಗಾಸೂ ಹಿಂದಿರುಗಿಸಿಲ್ಲ. ನನ್ನ ತಲೆನೋವು ಲಾಗ್‌ಫ್ರೇಮ್, ಅಂದರೆ ಗುರಿ, ಫಲಿತಾಂಶ, ಅದನ್ನು ಅಳೆಯುವ ಲೆಕ್ಕ ಎಲ್ಲ ಸಾಲುಸಾಲಾಗಿ ತುಂಬುವ ಕೋಷ್ಟಕ. 1969ರ ಸುಮಾರಿಗೆ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗಾಗಿ ಹುಟ್ಟಿದ ಚೌಕಟ್ಟು ಅದು. ಬಾವಿ ತೋಡಿಸುವವರಿಗೆ ಸರಿ, ಎಣಿಸಬಹುದು. ನಮಗೆ? ನಮ್ಮ ಶಿಫಾರಸು ಮಸೂದೆಯಲ್ಲಿ ಸೇರಿದ್ದು ಗ್ರಾಂಟ್ ಮುಗಿದ 14 ತಿಂಗಳ ಮೇಲೆ. ಕೊನೆಯ ವರದಿಯಲ್ಲಿ ಆ ಸಾಲಿನ ಮುಂದೆ 0 ಬರೆದು ಕಳಿಸಿಯಾಗಿತ್ತು. ಮಸೂದೆ ಬಂದಾಗ ಬರೆಯಲು ಖಾನೆಯೇ ಇರಲಿಲ್ಲ. ಇದ್ದಿದ್ದರೂ 'ನಮ್ಮಿಂದಲೇ ಆಯಿತು' ಅನ್ನುವ ಹಾಗಿಲ್ಲ, ಇನ್ನೂ ಏಳು ಸಂಸ್ಥೆಗಳು ಅದನ್ನೇ ಹೇಳುತ್ತಿದ್ದವು. 'ನಮ್ಮ ಪಾಲೂ ಇದೆ' ಅಂತ ಬರೆದರೆ ಬಚಾವ್. ಅದಕ್ಕೂ ಸಾಕ್ಷಿ ಬೇಕು: ಯಾವ ಅಧಿಕಾರಿ ನಮ್ಮ ಟಿಪ್ಪಣಿ ಕೇಳಿದರು, ಯಾವ ಸಮಿತಿ ಉಲ್ಲೇಖಿಸಿತು. ಆ ಇಮೇಲ್‌ಗಳನ್ನು ಅವತ್ತೇ ಎತ್ತಿಡದಿದ್ದರೆ ಆಮೇಲೆ ಸಿಗುವುದಿಲ್ಲ.

ಆರು ವರ್ಷ ಮಾಡಿ ಬಿಟ್ಟವಳು: ಓದಿದ್ದೆ ಸಾರ್. 42 ಪುಟ. 'ಯಾವುದರ 10%' ಅಂತ ಎಲ್ಲೂ ಇರಲಿಲ್ಲ.

ಇನ್ನೂ ಇಲ್ಲೇ ಇರುವವನು: ಇಲ್ಲದಿದ್ದರೆ ಕೇಳಬೇಕಿತ್ತು.

ಲೆಕ್ಕದ ಟೇಬಲ್‌ನವನು: ನೀವಿಬ್ಬರೂ ಕಿತ್ತಾಡಿ, ಓವರ್‌ಹೆಡ್ (ಯಾವ ಒಂದು ಯೋಜನೆಗೂ ಸೇರದ ಕಚೇರಿ ಖರ್ಚು) ಬಗ್ಗೆ ಮಾತ್ರ ಯಾರೂ ಮಾತಾಡಬೇಡಿ. ನಮ್ಮಲ್ಲಿ ನಿಜವಾಗಿ ಆಗುವುದು 23%. ಫಂಡರ್ ಕೊಡುವುದು 7. ಬಾಡಿಗೆ, ಆಡಿಟ್, ಈ ವರದಿ ಬರೆಯುವವರ ಸಂಬಳ, ಎಲ್ಲದರಲ್ಲೂ ಉಳಿದ 16 ನಾನು ಎಲ್ಲಿಂದ ತರಲಿ? ಅಮೆರಿಕ ಸರ್ಕಾರ ಕೂಡ, ಬೇರೆ ದರ ಒಪ್ಪಿಸಿಕೊಳ್ಳದ ಸಂಸ್ಥೆಗಳಿಗೆ ಕೊಡುವ ಮಿತಿಯನ್ನು 2024ರ ಅಕ್ಟೋಬರ್‌ನಿಂದ 10ರಿಂದ 15%ಗೆ ಏರಿಸಿತು. ಖಾಸಗಿ ಫಂಡರ್‌ಗಳಿಗೆ ಹೇಳಿ ನೋಡಿ. ಹೊಸ ಗ್ರಾಂಟ್ ಬಂತೆಂದು ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನು ಗುಂಡಿ ಎಷ್ಟು ಆಳ ಅಂತ ಎಣಿಸುತ್ತಿರುತ್ತೇನೆ.

ಕಂಪನಿಯಿಂದ ಬಂದವನು: ದುಡ್ಡು ತಂದವರಿಗೆ 5% ಕೊಡಿ, ಎಲ್ಲ ಸರಿಹೋಗುತ್ತದೆ. ನಾನು ಸೇಲ್ಸ್‌ನಲ್ಲಿದ್ದಾಗ ಹಾಗೇ ಇತ್ತು.

ಇನ್ನೂ ಇಲ್ಲೇ ಇರುವವನು: ನಿಧಿ ಸಂಗ್ರಹಕಾರರ ಸಂಘವಾದ ಎಎಫ್‌ಪಿಯ ನೀತಿ ಸಂಹಿತೆಯೇ ಕಮಿಷನ್ ಕೂಡದು ಅನ್ನುತ್ತದೆ. ದಲ್ಲಾಳಿ ಕೆಲಸ ಅಲ್ಲ ಇದು.

ಕಂಪನಿಯಿಂದ ಬಂದವನು: ಸಂಬಳಕ್ಕೆ ದುಡ್ಡಿಲ್ಲ, ಸಂಹಿತೆಗೇನೂ ಕಮ್ಮಿ ಇಲ್ಲ.

ಕೇಳಿದವಳು: ಎಲ್ಲರಿಗೂ ಧನ್ಯವಾದ. ಲೆಕ್ಕದ ಭಯ ಇದ್ದವರು ಇದನ್ನು ಮಾಡಬಹುದಾ ಅಂತ…

ಲೆಕ್ಕದ ಟೇಬಲ್‌ನವನು: ಯಾವ ಗ್ರಾಂಟ್‌ಗೆ ಎಷ್ಟು ಸಮಯ ದುಡಿದಿರಿ ಅಂತ ಬರೆಯುವ ಟೈಮ್‌ಶೀಟ್ ತುಂಬಲು ಬರುತ್ತಾ? ನಮ್ಮಲ್ಲೊಬ್ಬರು ಒಂದೇ ತಿಂಗಳಿಗೆ ಮೂರು ಗ್ರಾಂಟ್‌ಗಳಲ್ಲಿ 60, 40, 30 ಅಂತ ಬರೆದುಕೊಟ್ಟರು. ಒಟ್ಟು 130%.

ಆರು ವರ್ಷ ಮಾಡಿ ಬಿಟ್ಟವಳು: ನಿಜವೇ ಇರಬಹುದು. ನಾನೂ ಅಷ್ಟೇ ದುಡಿದಿದ್ದೆ.

ಲೆಕ್ಕದ ಟೇಬಲ್‌ನವನು: ದುಡಿದಿರಬಹುದು ಮೇಡಂ. ಸಂಬಳ 100ಕ್ಕೇ ಅಲ್ವಾ?