ಮಂಡಿನೋವಿನ ತಾಯಿಯವರೊಂದಿಗೆ ಹೈದರಾಬಾದ್: ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಕೋರಿಕೆ: ಡಿಸೆಂಬರಿನಲ್ಲಿ ದಾವಣಗೆರೆಯಿಂದ ನಾವು ನಾಲ್ವರು ಹೈದರಾಬಾದಿಗೆ ಹೊರಟಿದ್ದೇವೆ. ಗುರುವಾರ ಬೆಳಿಗ್ಗೆ ತಲುಪಿ ಶನಿವಾರ ರಾತ್ರಿ ಹಿಂದಿರುಗಬೇಕು. ತಾಯಿಯವರಿಗೆ ಮಂಡಿನೋವಿದೆ, ಮಗನಿಗೆ ಹತ್ತು ವರ್ಷ. ಅಲ್ಲಿ ಸುತ್ತಾಡಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ರಾಯಚೂರಿನಿಂದ: ತಮ್ಮ ಪ್ರವಾಸದ ನಡುವೆ ಶುಕ್ರವಾರ ಬರುವುದನ್ನು ಮೊದಲು ಗಮನಿಸಿ. ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೂ ಚೌಮಹಲ್ಲಾ ಅರಮನೆಗೂ ಅಂದು ರಜೆ; ಚಾರ್‌ಮಿನಾರ್ ಪಕ್ಕದ ಮೆಕ್ಕಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜನ ಸೇರುವುದರಿಂದ ಆ ರಸ್ತೆಗಳಲ್ಲಿ ವಯಸ್ಸಾದವರನ್ನು ನಡೆಸಿಕೊಂಡು ಹೋಗುವುದೂ ಕಷ್ಟ. ಆದ್ದರಿಂದ ಹಳೆಯ ನಗರವನ್ನು ಗುರುವಾರವೇ ಮುಗಿಸಿಕೊಳ್ಳಿ. ಹಸಿರು ಮಾರ್ಗದ ಮೆಟ್ರೊದಲ್ಲಿ ಎಂ.ಜಿ.ಬಿ.ಎಸ್. (ಮಹಾತ್ಮ ಗಾಂಧಿ ಬಸ್ ನಿಲ್ದಾಣ) ವರೆಗೆ ಬಂದು, ಅಲ್ಲಿಂದ ಆಟೊ ಹಿಡಿಯಿರಿ.

ಸಾಲಾರ್‌ಜಂಗಿನಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ. ಇಟಲಿಯ ಶಿಲ್ಪಿ ಬೆನ್ಜೋನಿ ಕೆತ್ತಿದ ‘ಮುಸುಕಿನ ರೆಬೆಕಾ’ ಅಮೃತಶಿಲೆಯ ಶಿಲ್ಪ, ನಮ್ಮ ಬೀದರಿನ ಬಿದರಿ ಪಾತ್ರೆಗಳು ಮತ್ತು ಸಂಗೀತದ ಗಡಿಯಾರ, ಇವಿಷ್ಟು ತಪ್ಪಬಾರದು. ಗಡಿಯಾರದೊಳಗೆ ಪುಟ್ಟ ಕಮ್ಮಾರನೊಬ್ಬ ಸೆಕೆಂಡಿಗೊಮ್ಮೆ ಸುತ್ತಿಗೆ ಬೀಸುತ್ತಿರುತ್ತಾನೆ. ಗಂಟೆಯಾದಾಗ ಇನ್ನೊಂದು ಗೊಂಬೆ ಹೊರಬಂದು ಎಷ್ಟು ಗಂಟೆಯೋ ಅಷ್ಟು ಸಲ ಜಾಗಟೆ ಬಾರಿಸಿ ಒಳಹೋಗುತ್ತದೆ. ಹನ್ನೆರಡು ಗಂಟೆಗೆ ಸ್ವಲ್ಪ ಮುಂಚೆ ಹೋಗಿ ಎದುರಿಗೆ ಕುಳಿತರೆ ಹನ್ನೆರಡು ಹೊಡೆತವೂ ಮಗನ ಪಾಲಿಗೆ ಸಿಗುತ್ತದೆ, ತಾಯಿಯವರಿಗೆ ವಿಶ್ರಾಂತಿಯೂ ಆಗುತ್ತದೆ. 1591ರ ಚಾರ್‌ಮಿನಾರನ್ನು ಅವರು ಕೆಳಗಿನಿಂದಲೇ ನೋಡಲಿ; ಒಳಗಿನ ಸುರುಳಿ ಮೆಟ್ಟಿಲು ಬಹಳ ಇಕ್ಕಟ್ಟು. ಉಳಿದವರು ಹತ್ತಿ ಇಳಿಯುವ ಹೊತ್ತಿನಲ್ಲಿ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆ ನೋಡಬಹುದು, ಆದರೆ ಮೊದಲು ಹೇಳಿದ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

ಕಲಬುರಗಿಯಿಂದ: ಮೇಲಿನವರ ಮಾತು ಸರಿ. ಶುಕ್ರವಾರ ಬೆಳಿಗ್ಗೆಯೇ ಗೋಲ್ಕೊಂಡಕ್ಕೆ ಹೋಗಿ. ಫತೇ ದರ್ವಾಜಾದ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸಾರ್‌ವರೆಗೆ ಕೇಳಿಸುತ್ತದೆ ಎಂಬುದು ಬರೀ ಮಾತಲ್ಲ. ಮಗ ಮತ್ತು ತಂದೆ ಮೇಲೇರಲಿ, ತಾಯಿಯವರು ಕೆಳಗೆ ಕುಳಿತು ಚಪ್ಪಾಳೆ ತಟ್ಟಲಿ. ಮೇಲಕ್ಕೆ ಸುಮಾರು 360 ಮೆಟ್ಟಿಲುಗಳಿವೆ, ಅವುಗಳ ಎತ್ತರವೂ ಒಂದೇ ಸಮನಾಗಿಲ್ಲ. ‘ನಿಧಾನವಾಗಿ ಹತ್ತಿಸೋಣ’ ಎಂಬ ಆಸೆ ಬೇಡವೇ ಬೇಡ. 1687ರಲ್ಲಿ ಔರಂಗಜೇಬನ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಬಳಿಕವಷ್ಟೇ ಒಳನುಗ್ಗಲು ಸಾಧ್ಯವಾದ ಕೋಟೆಯಿದು ಎಂದು ಮಗನಿಗೆ ಮೊದಲೇ ಹೇಳಿಟ್ಟರೆ ಅವನ ಕಾಲಿಗೆ ಹುರುಪು ಬರುತ್ತದೆ.

ನನ್ನ ಮಟ್ಟಿಗೆ ಗೋಲ್ಕೊಂಡಕ್ಕಿಂತ ಹತ್ತಿರದ, ಅಲ್ಲಿ ಆಳಿದ ಕುತುಬ್‌ಶಾಹಿ ಸುಲ್ತಾನರ ಸಮಾಧಿಗಳೇ ಹೆಚ್ಚು ಇಷ್ಟ. ವಿಶಾಲ ತೋಟದ ನಡುವಿನ ಆ ಗುಮ್ಮಟಗಳನ್ನು ಜಗಲಿ ಹತ್ತದೆಯೂ ನೋಡಬಹುದು. ಆ ವಂಶದ ಕೊನೆಯ ಸುಲ್ತಾನ ತಾನಾಶಾಹನ ಸಮಾಧಿ ಮಾತ್ರ ಇಲ್ಲಿಲ್ಲ. ಅವನು ದೌಲತಾಬಾದಿನಲ್ಲಿ ಔರಂಗಜೇಬನ ಸೆರೆಯಾಳಾಗಿಯೇ ಸತ್ತ.

ಸಿಕಂದರಾಬಾದಿನಲ್ಲಿ ನೆಲೆಸಿರುವ ಹುಬ್ಬಳ್ಳಿಯವರಿಂದ: ಶನಿವಾರಕ್ಕೆ ಎಲ್ಲರೂ ರಾಮೋಜಿ ಫಿಲ್ಮ್ ಸಿಟಿ ಎನ್ನುತ್ತಾರೆ. ಅದು ನಗರದಿಂದ ದೂರ, ಒಂದಿಡೀ ದಿನ ಬೇಡುತ್ತದೆ, ಒಳಗೆ ಬಸ್ಸು ಹತ್ತಿ ಇಳಿಯುವುದೂ ಇದೆ. ರಾತ್ರಿಯೇ ರೈಲು ಹಿಡಿಯಬೇಕಾದ ತಮಗೆ ನಾನಂತೂ ಅದನ್ನು ಸೂಚಿಸಲಾರೆ. ಬದಲಿಗೆ ಬೆಳಿಗ್ಗೆ ಬಿರ್ಲಾ ಮಂದಿರ, ಸಂಜೆ ಹುಸೇನ್ ಸಾಗರದಲ್ಲಿ ದೋಣಿ ಇಟ್ಟುಕೊಳ್ಳಿ. ಕೆರೆಯ ನಡುವಿನ ಏಕಶಿಲಾ ಬುದ್ಧ 18 ಮೀಟರ್ ಎತ್ತರದವನು. 1990ರಲ್ಲಿ ಸಾಗಿಸುವಾಗ ದೋಣಿಸಮೇತ ಮುಳುಗಿ ಜೀವಹಾನಿಯೂ ಆಗಿ, 1992ರಲ್ಲಷ್ಟೇ ವಿಗ್ರಹವನ್ನು ಮೇಲೆತ್ತಿ ನಿಲ್ಲಿಸಿದರು. ಮಂದಿರವು ಗುಡ್ಡದ ಮೇಲಿದೆ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಆಟೊದವರಿಗೆ ಆದಷ್ಟು ಮೇಲಿನವರೆಗೆ ಬಿಡಲು ಹೇಳಿ. ಫೋನನ್ನು ಹೊರಗೇ ಒಪ್ಪಿಸಬೇಕಾಗುವುದರಿಂದ, ದರ್ಶನದ ನಂತರ ಎಲ್ಲಿ ಸೇರುವುದೆಂದು ನಾಲ್ವರೂ ಮೊದಲೇ ಮಾತಾಡಿಕೊಂಡಿರಿ.